ಕೂಗಳತೆ

ಗ್ರಿಮ್ಸ್‌ಬಿಯ ಆಸ್ಪತ್ರೆ, ಮೂರನೇ ಮಹಡಿ.
ಹನ್ನೊಂದನೇ ಮಂಚಕ್ಕೂ ಸ್ಕ್ಯಾನಿನ ಕೋಣೆಗೂ ನಡುವೆ
ತೊಂಬತ್ತೆರಡು ಹೆಜ್ಜೆ, ಒಂದು ಬೆಂಕಿ ಬಾಗಿಲು:
ತಂತಿ ಹೆಣೆದ ಗಾಜು, ನೂಕಿದರೆ ಮುಲುಗುವ ಕೀಲು.
ಅಲ್ಲೇ ಕಡಿಯುತ್ತದೆ, ಪ್ರತಿ ಸಲ ಅಲ್ಲೇ,
ಅಂದಳು ದಾದಿ ಜಾನಿಸ್.
ಕಡಿಯುವ ಜಾಗಕ್ಕೆ ನೆಲದ ಮೇಲೆ
ಬಿಳಿ ಪ್ಲಾಸ್ಟರು ಅಂಟಿಸಿಟ್ಟಿದ್ದಳು,
ಗಾಯಕ್ಕೆ ಹಚ್ಚುವಂಥದ್ದೇ.

ಮೊನ್ನೆ ಆದದ್ದು ಇಷ್ಟು:
ಗಾಲಿಕುರ್ಚಿಯಲ್ಲಿ ದಾನುತೆ, ಮೀನಿನ ಕಾರ್ಖಾನೆಯವಳು,
ಇಪ್ಪತ್ತು ವರ್ಷ ಹ್ಯಾಡಕ್ ಸೀಳಿದ ಬೆರಳು ಮಡಿಲಲ್ಲಿ.
ಪಕ್ಕದಲ್ಲಿ ಉರುಳುವ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪು,
ಅದರೊಳಗೆ ಇನ್ಯಾವುದೋ ಊರಿನ ದುಭಾಷಿ.
ವೈದ್ಯನ ಇಂಗ್ಲಿಷನ್ನು ಲಿಥುವೇನಿಯದ ಮಾತಿಗೆ ಮಗುಚುತ್ತ
"ಇದು ಅಲ್ಲ..." ಅಂದಿದ್ದಾನೆ.
ಬಾಗಿಲು ಮುಲುಗಿತು.
ತೆರೆದ ಬಾಯಿ ತೆರೆದ ಹಾಗೇ ಹೆಪ್ಪುಗಟ್ಟಿತು.
ಹನ್ನೊಂದು ಸೆಕೆಂಡು.
ಏನು ಅಲ್ಲ? ಯಾವುದು ಅಲ್ಲ?
ಅವಳ ಭಾಷೆಯಲ್ಲಿ ಅಲ್ಲ ಎಂಬುದು ಮೊದಲು ಬರುತ್ತದಂತೆ,
ಗಡ್ಡೆ ಎಂಬುದು ಆಮೇಲೆ.
ನನ್ನ ಭಾಷೆಯಾಗಿದ್ದರೆ?
ಗಡ್ಡೆ ಮೊದಲು ಬಂದು ಎದುರಿಗೇ ಕೂತು
ಅಲ್ಲ ಎಂಬುದು ಬಾಗಿಲಾಚೆ ಉಳಿಯುತ್ತಿತ್ತು.
ದೂರಿನ ಫಾರಮ್ಮಿನಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ.
'ತುರ್ತು' ಅಂತ ಗುರುತು ಹಾಕಿದೆ.

ರಾತ್ರಿ ಎರಡಕ್ಕೆ ಅದೇ ಲ್ಯಾಪ್‌ಟಾಪನ್ನು
ತುಂಬಿದ ಎಣ್ಣೆಯ ಬಟ್ಟಲಂತೆ ಎರಡೂ ಕೈಯಲ್ಲಿ ಹಿಡಿದು ನಡೆದೆ,
ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತ.
ಕೆಳಗಿನ ಕೋಣೆಯಲ್ಲಿ ಇನ್ನೊಂದು ಯಂತ್ರ
ಅರ್ಥವಾಗದಿದ್ದರೂ ಎಲ್ಲ ರೆಕಾರ್ಡು ಮಾಡಿಕೊಳ್ಳುತ್ತಿತ್ತು.
ಪರದೆಯ ಮೂಲೆಯಲ್ಲಿ ಸಿಗ್ನಲಿನ ಅಂಕಿ:
ಮೈನಸ್ ಐವತ್ತೆರಡು, ಅರವತ್ತೊಂದು, ಎಪ್ಪತ್ತನಾಲ್ಕು.
ಸಾಲದ ಖಾತೆ, ದೊಡ್ಡದಾದಷ್ಟೂ ಬಡತನ.
ಬಾಗಿಲು ದಾಟಿದೆ. ಎಂಬತ್ತಾರು.
ನೆತ್ತಿಯ ಮೇಲೆಯೇ, ಛಾವಣಿಗೆ ಕಚ್ಚಿದ ಇನ್ನೊಂದು ವೈಫೈ ತಟ್ಟೆ
ಹಸಿರು ಕಣ್ಣು ಮಿಟುಕಿಸಿ ಕರೆಯುತ್ತಿದೆ;
ಇದಕ್ಕೆ ಪರಿವೆಯೇ ಇಲ್ಲ.
ಉಡದ ಪಟ್ಟು.
ಹಿಂದೆ ಬಿಟ್ಟುಬಂದ ತಟ್ಟೆಯ ಪಿಸುಮಾತಿನ ಚೂರನ್ನೇ
ಹಲ್ಲು ಕಚ್ಚಿ ಹಿಡಿದಿದೆ.
ರೆಕಾರ್ಡಿಂಗಿನಲ್ಲಿ ಮೂವತ್ತೇಳು ಆದಮೇಲೆ ನಲವತ್ತೊಂಬತ್ತು.

ಡ್ರೈವರು ನಾಲ್ಕು ವರ್ಷ ಹಳೆಯದು, ಬದಲಿಸಿದೆ.
ಸೆಟ್ಟಿಂಗಿನ ಆಳದಲ್ಲಿ, ಯಾರೂ ಇಳಿಯದ ಪುಟದಲ್ಲಿ
'ಅಲೆಯುವ ಆತುರ' ಎಂದು ಐದು ಮೆಟ್ಟಿಲು.
ಎರಡನೆಯದರಲ್ಲಿ ಕೂತಿತ್ತು. ಐದಕ್ಕೇರಿಸಿದೆ.
ನಾನು ನಿಂತಲ್ಲೇ ನಿಂತಿದ್ದರೂ ಅತ್ತ ಜಿಗಿದು ಇತ್ತ ಜಿಗಿದು
ತಕ್ಕಡಿಯ ಕಪ್ಪೆಯಾಯಿತು.
ನಾಲ್ಕಕ್ಕಿಳಿಸಿದೆ.

ಆಮೇಲೆ ತಟ್ಟೆಗಳ ಕಡೆ ತಿರುಗಿದೆ.
ಇವನ್ನು ಕೂರಿಸಿದಾತ ಧಾರಾಳಿ,
ಕೂಗಳತೆ ಹಿಗ್ಗಿದಷ್ಟೂ ಒಳ್ಳೆಯದೆಂದು
ಎಲ್ಲಕ್ಕೂ ಪೂರ್ತಿ ಗಂಟಲು ಕೊಟ್ಟಿದ್ದ.
ಅರ್ಧಕ್ಕೆ ತಗ್ಗಿಸಿದೆ.
"ಕಡಿಮೆ ಮಾಡಿ ಸರಿ ಮಾಡ್ತೀಯ?"
ಚಹಾ ತಂದ ಜಾನಿಸ್ ನಕ್ಕಳು.
ಹೌದು, ಎಂದೆ. ಇದು ಬಿಟ್ಟು ಹೋಗಬೇಕಾದರೆ
ಅದು ಕೂಗುವುದನ್ನು ನಿಲ್ಲಿಸಬೇಕು.
ಅವಳು ಮಗ್ಗಿನೊಳಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು
"ಬ್ಯಾರಿಗೂ ಇಂಥದ್ದೊಂದು ಗುಂಡಿ ಇದ್ದಿದ್ದರೆ" ಅಂದಳು.
ಬ್ಯಾರಿ ಯಾರೆಂದು ನಾನು ಕೇಳಲಿಲ್ಲ.

ಕೊನೆಗೆ ಪ್ರತಿ ತಟ್ಟೆಗೂ ನೆರೆಮನೆಗಳ ಹೆಸರು ಕಲಿಸಿ,
ನೆಂಟನಿಗಿಂತ ಮೊದಲೇ ಬೀಗದ ಕೈ
ಮುಂದಿನ ಮನೆ ಸೇರುವಂತೆ ಮಾಡಿ,
ಮತ್ತೆ ನಡೆದೆ, ಮತ್ತೆ ಎಣಿಸಿದೆ.
ಎಪ್ಪತ್ತು ಎಂಬ ಹೊಸಿಲಿಗೆ ಬಂದದ್ದೇ ತಡ, ಸದ್ದಿಲ್ಲದೆ ದಾಟಿತು.
ಕೆಳಗಿಳಿದು ಕೇಳಿಸಿಕೊಂಡೆ:
ಮೂವತ್ತೇಳು, ಮೂವತ್ತೆಂಟು.
ಕೊನೆಯ 'ಟು' ಮಾತ್ರ ಚೂರು ಸವೆದಿತ್ತು.
ಇರಲಿ.

ಗುರುವಾರ ದಾನುತೆಯನ್ನು ಮತ್ತೆ ಕರೆದೊಯ್ದರು.
ನಾನು ಏಣಿ ಹತ್ತಿ, ಸುಳ್ಳೇ ಒಂದು ತಟ್ಟೆ ಒರೆಸುತ್ತ ನಿಂತಿದ್ದೆ.
ದುಭಾಷಿ ಏನೋ ಹೇಳುತ್ತಿದ್ದ, ಬಾಗಿಲು ಮುಲುಗಿತು,
ಅವನು ಹೇಳುತ್ತಲೇ ಇದ್ದ.
ಅವಳು ತಲೆಯಾಡಿಸಿ ಏನೋ ಕೇಳಿದಳು,
ಬಹುಶಃ ಊಟದ ಬಗ್ಗೆ.
ಗಾಲಿ ಉರುಳಿದಾಗ ನೆಲದ ಪ್ಲಾಸ್ಟರು
ಒಂದು ಮೂಲೆಯಿಂದ ಕಿತ್ತು, ಚಕ್ರಕ್ಕೆ ಅಂಟಿ,
ಸುತ್ತುತ್ತ ಸುತ್ತುತ್ತ ಅವಳ ಜೊತೆಗೇ ಹೋಯಿತು.